ಹಂದಿಗಳ ಕಂದು ರೋಗದ ಪರೀಕ್ಷೆಗೆ ರೋಸ್ ಬೆಂಗಾಲ್ ಬಾಟಲಿ: ಎರಡು ವರ್ಷ ಬಳಸಿದ ಮೇಲೆ

ಐದರಲ್ಲಿ ನಾಲ್ಕು ಸ್ಟಾರ್. ಆ ನಾಲ್ಕು ಸ್ಟಾರ್ ಬಾಟಲಿಯ ಒಳಗಿರುವ ಗುಲಾಬಿ ಬಣ್ಣದ ನೀರಿಗೆ. ಕಳೆದ ಒಂದು ಸ್ಟಾರ್ ಅದರ ಜೊತೆ ಬಂದ ಚೀಟಿಗೆ. ಯಾವ ಕಂಪನಿಯದು ಎಂದು ಬರೆಯುತ್ತಿಲ್ಲ. ಈ ಪರೀಕ್ಷೆ ಯಾರು ತಯಾರಿಸಿದರೂ ಕೆಲಸ ಮಾಡುವ ರೀತಿ ಒಂದೇ, ಮೋಸ ಹೋಗುವ ರೀತಿಯೂ ಒಂದೇ.

ಗೊತ್ತಿಲ್ಲದವರಿಗೆ ಮೊದಲು ಅದು ಏನು ಅಂತ ಹೇಳುತ್ತೇನೆ. ಕಂದು ರೋಗ, ಅಂದರೆ ಬ್ರುಸೆಲ್ಲೋಸಿಸ್, ದನಗಳಲ್ಲಿ ಎಲ್ಲರಿಗೂ ಗೊತ್ತು; ದಿನ ತುಂಬುವ ಮೊದಲೇ ಗಬ್ಬ ಬಿದ್ದುಹೋಗುತ್ತದೆ, ಅದನ್ನೇ ಕಂದು ಹಾಕುವುದು ಅನ್ನುತ್ತೇವೆ. ಹಂದಿಗಳಲ್ಲಿ ಅದನ್ನು ತರುವ ಬ್ಯಾಕ್ಟೀರಿಯಾ ಬೇರೆ, ಬ್ರುಸೆಲ್ಲಾ ಸೂಯಿಸ್. 1914ರಲ್ಲಿ ಅಮೆರಿಕದಲ್ಲಿ ಜೇಕಬ್ ಟ್ರಾಮ್ ಎಂಬವರು ಹಂದಿ ಹಾಕಿದ ಕಂದಿನಿಂದಲೇ ಇದನ್ನು ಮೊದಲು ಬೇರ್ಪಡಿಸಿದರು. ಬಾಟಲಿಯಲ್ಲಿ ಇರುವುದು ಸತ್ತ ಬ್ರುಸೆಲ್ಲಾ, ರೋಸ್ ಬೆಂಗಾಲ್ ಅನ್ನುವ ಬಣ್ಣದಲ್ಲಿ ಅದ್ದಿದ್ದು. ಹಂದಿಯ ರಕ್ತದ ತಿಳಿ ಒಂದು ಹನಿ, ಇದು ಒಂದು ಹನಿ, ಎರಡನ್ನೂ ಬಿಳಿ ಹಲಗೆ ಮೇಲೆ ಕಲಸಿ ನಾಲ್ಕು ನಿಮಿಷ ಆಡಿಸಬೇಕು. ರಕ್ತದಲ್ಲಿ ರೋಗದ ವಿರುದ್ಧ ಪ್ರತಿಕಾಯಗಳಿದ್ದರೆ ಬಣ್ಣ ಗಟ್ಟಿಯಾಗಿ ಕಾಳುಕಾಳಾಗುತ್ತದೆ. ಇಲ್ಲದಿದ್ದರೆ ನಯವಾಗಿ ಹಾಗೇ ಇರುತ್ತದೆ. ಅಷ್ಟೇ ಪರೀಕ್ಷೆ.

ನಮಗೆ ಇದು ಯಾಕೆ ಬೇಕಾಯಿತು ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಈ ರೋಗ ಕಣ್ಣಿಗೆ ಬೀಳುವುದೇ ಬಹಳ ತಡವಾಗಿ.

ನಮ್ಮಲ್ಲಿ 26 ತಾಯಿ ಹಂದಿ, ಎರಡು ಗಂಡು ಇದ್ದವು. ಹೆಣ್ಣು ಗಬ್ಬ ನಿಲ್ಲದಿದ್ದರೆ ಸುಮಾರು 21 ದಿನಕ್ಕೆ ಮತ್ತೆ ಬೆದೆಗೆ ಬರುತ್ತದೆ, ಸಾಕುವವರಿಗೆಲ್ಲ ಗೊತ್ತಿರುವ ಲೆಕ್ಕ. ಒಂದು ದಿನ ನಮ್ಮ ಲೆಕ್ಕದ ಪುಸ್ತಕ ತಿರುಗಿಸುತ್ತಾ ಇದ್ದೆ. ನಾಲ್ಕು ಹಂದಿಗಳು 34, 37, 38, 41 ದಿನಕ್ಕೆ ಬೆದೆಗೆ ಬಂದಿದ್ದವು. 21ಕ್ಕೂ ಅಲ್ಲ, 42ಕ್ಕೂ ಅಲ್ಲ. ಮೊದಲು ನಾನೇ ತಪ್ಪು ಬರೆದಿರಬೇಕು ಅಂದುಕೊಂಡೆ. ತಪ್ಪಾಗಿರಲಿಲ್ಲ. ಅವು ಗಬ್ಬ ನಿಂತಿದ್ದವು, ಆಮೇಲೆ ಗಬ್ಬ ಹೋಗಿತ್ತು. ಶೆಡ್‌ನಲ್ಲಿ ಒಂದು ತೊಟ್ಟು ರಕ್ತ ಯಾರೂ ನೋಡಿರಲಿಲ್ಲ. ಅಷ್ಟು ಬೇಗ ಕಂದು ಹಾಕಿದರೆ ಬಿದ್ದದ್ದು ಹುಲ್ಲಿನಲ್ಲಿ ಸೇರಿಹೋಗುತ್ತದೆ, ಇಲ್ಲವೇ ಹಂದಿಗಳೇ ತಿಂದುಬಿಡುತ್ತವೆ. ಜ್ವರ ಇಲ್ಲ, ಮೇವು ಬಿಡುವುದಿಲ್ಲ, ನೋಡಲು ಗುಂಡಗೆ ಚೆನ್ನಾಗಿರುತ್ತವೆ. ದಿನಗಳ ಲೆಕ್ಕ ಬರೆಯದವರಿಗೆ ಇದು ಗೊತ್ತಾಗುವ ದಾರಿಯೇ ಇಲ್ಲ.

ಅದಾದ ಹದಿನೈದು ದಿನಕ್ಕೆ ಒಂದು ಹಂದಿ 80ನೇ ದಿನಕ್ಕೆ ಕಂದು ಹಾಕಿತು. ತುಂಬುವುದು 114 ದಿನಕ್ಕೆ ಅಲ್ವಾ, ಇನ್ನೂ ಒಂದು ತಿಂಗಳಿಗೂ ಜಾಸ್ತಿ ಬಾಕಿ ಇತ್ತು. ಒಂಬತ್ತು ಮರಿ, ಎಲ್ಲವೂ ಸತ್ತಿದ್ದವು. ನಮ್ಮ ಹುಡುಗ ಬರಿಗೈಯಲ್ಲಿ ಎತ್ತಿ ಬುಟ್ಟಿಗೆ ಹಾಕಿದ. ಆ ಮಾತಿಗೆ ಮತ್ತೆ ಬರುತ್ತೇನೆ.

ಅದೇ ವಾರ ಹೊಸ ಗಂಡಿನ ಒಂದು ಬೀಜ ಊದಿದ್ದು ಕಂಡಿತು. ಇನ್ನೊಂದರ ಎರಡರಷ್ಟಿತ್ತು, ಮುಟ್ಟಿದರೆ ಗಟ್ಟಿ, ಬಿಸಿ. ಆದರೂ ಹೆಣ್ಣು ಕಂಡರೆ ಹತ್ತಲು ಹೋಗುತ್ತಿತ್ತು. ಈ ರೋಗ ಒಂದು ಹಿಂಡಿನಿಂದ ಇನ್ನೊಂದಕ್ಕೆ ಹೋಗುವ ದೊಡ್ಡ ದಾರಿಯೇ ಗಂಡು. ವೀರ್ಯದಲ್ಲೇ ಬರುತ್ತದೆ. ಹೆಣ್ಣುಗಳಲ್ಲಿ ಎಷ್ಟೋ ಕಾಲ ಕಳೆದ ಮೇಲೆ ಕೆಲವು ಚೇತರಿಸಿಕೊಳ್ಳುತ್ತವೆ. ಸೋಂಕು ಬೀಜಕ್ಕೆ ಇಳಿದ ಗಂಡು ಸಾಮಾನ್ಯವಾಗಿ ಚೇತರಿಸಿಕೊಳ್ಳುವುದಿಲ್ಲ, ಹಂಚುತ್ತಲೇ ಇರುತ್ತದೆ. ಊತ ಇರಲೇಬೇಕು ಅಂತಲೂ ಇಲ್ಲ. ನೋಡಲು ಏನೂ ಇಲ್ಲದ ಗಂಡಿನ ವೀರ್ಯದಲ್ಲೂ ಇರಬಹುದು.

ಆ ಗಂಡನ್ನು ತಂದು ಐದು ತಿಂಗಳಾಗಿತ್ತು. ತರುವಾಗ ಜೊತೆಗೆ ಒಂದು ಕಾಗದ ಕೊಟ್ಟಿದ್ದರು. ಬ್ರುಸೆಲ್ಲಾ ಪರೀಕ್ಷೆ, ರೋಸ್ ಬೆಂಗಾಲ್, ನೆಗೆಟಿವ್. ಅದನ್ನು ಫೈಲಿನಲ್ಲಿ ಜೋಪಾನವಾಗಿ ಇಟ್ಟುಕೊಂಡಿದ್ದೆ.

ಡಾಕ್ಟ್ರು ಬಾಟಲಿ ತರಿಸಲು ಹೇಳಿದರು. ಬಂದ ಪೆಟ್ಟಿಗೆ ತೆರೆದರೆ ಒಳಗಿನ ಐಸ್ ಪ್ಯಾಕ್ ನೀರಾಗಿ ಬೆಚ್ಚಗಿತ್ತು. ಇದನ್ನು 2ರಿಂದ 8 ಡಿಗ್ರಿಯಲ್ಲಿ ಇಡಬೇಕು, ಫ್ರೀಜ್ ಆಗಲೂ ಬಾರದು. ಆ ಬಾಟಲಿಯನ್ನು ವಾಪಸ್ ಕಳಿಸಿದೆವು. ಮಾರುವವರು ಎರಡು ಫೋನ್ ಆದ ಮೇಲೆ ಬೇರೆ ಕಳಿಸಿದರು, ಈ ಸಲ ತಣ್ಣಗೆ ಬಂತು. ಇದಕ್ಕೆ ಸ್ಟಾರ್ ಕಡಿಮೆ ಮಾಡಿಲ್ಲ, ಆದರೆ ತರಿಸುವವರು ಪೆಟ್ಟಿಗೆ ಬಂದ ಕೂಡಲೇ ಕೈ ಹಾಕಿ ನೋಡಿ. ಬಿಸಿ ತಿಂದ ಬಾಟಲಿ ಹೊರಗಿನಿಂದ ಒಳ್ಳೆಯದರ ಹಾಗೇ ಕಾಣುತ್ತದೆ.

ರಕ್ತ ತೆಗೆಯುವುದೇ ಇಡೀ ಕೆಲಸದಲ್ಲಿ ಕಷ್ಟದ್ದು. ಹಂದಿಯ ಮೇಲ್ದವಡೆಗೆ ಕುಣಿಕೆ ಹಾಕಿ ಹಿಡಿದರೆ ಅದು ಹಿಂದಕ್ಕೆ ಜಗ್ಗುತ್ತಾ ನಿಲ್ಲುತ್ತದೆ, ಡಾಕ್ಟ್ರು ಕುತ್ತಿಗೆ ಕೆಳಗಿನಿಂದ ಸೂಜಿ ಹಾಕುತ್ತಾರೆ. ಕಿರುಚಾಟ ಹೇಗಿರುತ್ತದೆ ಅಂದರೆ, ಕಿವಿಗೆ ಹತ್ತಿ ಇಟ್ಟುಕೊಳ್ಳಿ. 28 ಹಂದಿಗೆ ಬೆಳಗಿನಿಂದ ಮಧ್ಯಾಹ್ನದವರೆಗೆ ಹಿಡಿಯಿತು. ರಕ್ತ ತೆಗೆದ ಟ್ಯೂಬನ್ನು ಅಲ್ಲಾಡಿಸಬೇಡಿ. ಓರೆಯಾಗಿ ಇಟ್ಟು ಹೆಪ್ಪುಗಟ್ಟಲು ಬಿಡಿ, ಮೇಲೆ ಒಣಹುಲ್ಲಿನ ಬಣ್ಣದ ತಿಳಿ ನಿಲ್ಲುತ್ತದೆ. ನಾವು ಮೊದಲ ಐದು ಟ್ಯೂಬನ್ನು ಗಾಡಿಯಲ್ಲಿ ಕುಲುಕಿಸಿಕೊಂಡು ತಂದೆವು, ರಕ್ತಕಣ ಒಡೆದು ತಿಳಿಯೆಲ್ಲ ಕೆಂಪಾಯಿತು. ಗುಲಾಬಿ ಬಣ್ಣದ ಪರೀಕ್ಷೆಗೆ ಕೆಂಪು ತಿಳಿ ಹಾಕಿದರೆ ಏನು ಓದುತ್ತೀರಿ? ಆ ಐದಕ್ಕೆ ಮತ್ತೆ ರಕ್ತ ತೆಗೆಯಬೇಕಾಯಿತು.

ಬಾಟಲಿಯನ್ನು ಫ್ರಿಜ್ಜಿನಿಂದ ತೆಗೆದು ಒಂದು ಗಂಟೆ ಹೊರಗಿಟ್ಟೆವು. ತಣ್ಣಗಿರುವಾಗ ಹಾಕಿದರೆ ಸರಿಯಾಗಿ ಕೂಡುವುದಿಲ್ಲ. ತಿಳಿಯೂ ಅಷ್ಟೇ, ಮನೆಯ ಉಷ್ಣಕ್ಕೆ ಬರಬೇಕು. ಎರಡೂ 30 ಮೈಕ್ರೋಲೀಟರ್, ಸಮ ಸಮ. ಜೊತೆಗೆ ಬಂದ ಡ್ರಾಪರ್ ಒಮ್ಮೆ ದೊಡ್ಡ ಹನಿ, ಒಮ್ಮೆ ಸಣ್ಣ ಹನಿ ಬಿಡುತ್ತಿತ್ತು. ಡಾಕ್ಟ್ರು ಅದನ್ನು ಪಕ್ಕಕ್ಕಿಟ್ಟು ತಮ್ಮ ಪಿಪೆಟ್ ತೆಗೆದರು. ನೀವೂ ಹಾಗೇ ಮಾಡಿ. 10 ಮಿಲಿ ಬಾಟಲಿಯಲ್ಲಿ ಲೆಕ್ಕಕ್ಕೆ 330 ಹಂದಿ ನೋಡಬಹುದು, ಹನಿ ದೊಡ್ಡದಾದರೆ ಅದೂ ಹೋಯಿತು, ಫಲಿತಾಂಶವೂ ಕೆಟ್ಟಿತು.

ಮೊದಲು ಗೊತ್ತಿರುವ ನೆಗೆಟಿವ್ ತಿಳಿ, ಗೊತ್ತಿರುವ ಪಾಸಿಟಿವ್ ತಿಳಿ ಹಾಕಿ ನೋಡಿದೆವು. ಇವೆರಡನ್ನೂ ಡಾಕ್ಟ್ರೇ ತಂದಿದ್ದರು, ಪೆಟ್ಟಿಗೆಯಲ್ಲಿ ಇರಲಿಲ್ಲ. ಇವಿಲ್ಲದೆ ಈ ಪರೀಕ್ಷೆ ಮಾಡುವುದು ಸುಮ್ನೆ ಹೊತ್ತು ಕಳೆದ ಹಾಗೆ, ಯಾಕೆಂದರೆ ಬಾಟಲಿ ಕೆಟ್ಟಿದೆಯೋ ಹಂದಿ ಚೆನ್ನಾಗಿದೆಯೋ ಅಂತ ತಿಳಿಯಲು ಬೇರೆ ದಾರಿಯಿಲ್ಲ.

ಆಮೇಲೆ ಗಂಡಿನದು. ಕಡ್ಡಿಯಲ್ಲಿ ಕಲಸಿ ಸಣ್ಣ ವೃತ್ತ ಮಾಡಿ ಹಲಗೆಯನ್ನು ಮೆಲ್ಲಗೆ ಆಡಿಸತೊಡಗಿದರು. ನಾನು ಗಡಿಯಾರ ಹಿಡಿದು ನಿಂತಿದ್ದೆ. ಒಂದು ನಿಮಿಷವೂ ಆಗಿರಲಿಲ್ಲ. ನಯವಾಗಿದ್ದ ಗುಲಾಬಿ ಬಣ್ಣ ಹಾಲು ಒಡೆದ ಹಾಗೆ ಒಡೆಯಿತು. ಕಾಳುಗಳು ಅಂಚಿಗೆ ಸರಿದು ಗೆರೆಯಾಗಿ ನಿಂತವು, ನಡುವೆ ತಿಳಿನೀರು. ಪಕ್ಕದ ನೆಗೆಟಿವ್ ಹನಿ ಹಾಗೇ ರೇಷ್ಮೆಯಂತೆ ಓಡಾಡುತ್ತಿತ್ತು. ಯಾರೂ ಮಾತಾಡಲಿಲ್ಲ. ಡಾಕ್ಟ್ರು ಪುಸ್ತಕ ತೆಗೆದುಕೊಂಡು ಬರೆದರು, ಮುಂದಿನ ಹನಿ ಹಾಕಿದರು.

26 ತಾಯಿ ಹಂದಿಗಳಲ್ಲಿ ಒಂಬತ್ತು ಕಾಳಾದವು. ಲೆಕ್ಕ ತಪ್ಪಿ ಬೆದೆಗೆ ಬಂದ ಆ ನಾಲ್ಕರಲ್ಲಿ ಮೂರು ಅದರಲ್ಲಿದ್ದವು. ನಾಲ್ಕನೆಯದು ನಯವಾಗಿತ್ತು. ಅಬ್ಬಾ, ಇದೊಂದಾದರೂ ಉಳಿಯಿತಲ್ಲ ಅಂತ ಬಾಯಿಬಿಟ್ಟು ಹೇಳಿದೆ. ಡಾಕ್ಟ್ರು ಹೇಳಿದ ಮಾತು ಇವತ್ತಿಗೂ ಹಾಗೇ ನೆನಪಿದೆ: "ಒಂದು ಹನಿ ನೋಡಿ ಒಂದು ಹಂದಿಗೆ ತೀರ್ಪು ಬರೀಬೇಡಿ. ಪೂರ್ತಿ ಹಲಗೆ ನೋಡಿ, ಹಿಂಡಿಗೆ ಬರೀರಿ." ಮೂರು ವಾರಕ್ಕೆ ಆ ಹಂದಿಯೂ ಪಾಸಿಟಿವ್ ಬಂತು.

ಈ ಬಾಟಲಿಯ ಬಗ್ಗೆ ನಾನು ಹೇಳಬೇಕಾದ ಮುಖ್ಯ ವಿಷಯ ಇದೇ. ಹಂದಿಗಳಲ್ಲಿ ಇದು ಹಿಂಡಿನ ಪರೀಕ್ಷೆ. ರಕ್ತದ ಯಾವ ಪರೀಕ್ಷೆಯೂ ಒಂಟಿ ಹಂದಿಯ ಬಗ್ಗೆ ಖಚಿತವಾಗಿ ಹೇಳಲಾರದು. ಸೋಂಕು ತಗುಲಿ ಪ್ರತಿಕಾಯ ಬರಲು ವಾರಗಳು ಬೇಕು, ಕೆಲವು ಹಂದಿಗಳಲ್ಲಿ ಸೋಂಕು ಇದ್ದೂ ರಕ್ತದಲ್ಲಿ ಕಾಣುವುದಿಲ್ಲ. ಹಾಗಾದರೆ ಫೈಲಿನಲ್ಲಿದ್ದ ಆ ಕಾಗದ? ಅದರಲ್ಲಿ ಬರೆದದ್ದು ಸುಳ್ಳಾಗಿರಬೇಕಿಲ್ಲ. ಆ ದಿನ ಆ ಹನಿ ನಯವಾಗಿಯೇ ಇದ್ದಿರಬಹುದು. ನಾನು ಕೇಳಬೇಕಾಗಿದ್ದು ಆ ಗಂಡು ಬಂದ ಹಿಂಡಿನ ಕಾಗದ. ಕೇಳಿದ್ದು ಗಂಡಿನ ಕಾಗದ ಮಾತ್ರ. ಮಾರಿದವರ ಹತ್ತಿರ ಹಿಂಡಿನ ಪರೀಕ್ಷೆ ಮಾಡಿಸಿದ್ದೀರಾ ಅಂತ ಆಮೇಲೆ ಕೇಳಿದೆ. ಮಾಡಿಸಿರಲಿಲ್ಲ.

ಈಗ ಚೀಟಿಯ ವಿಷಯ. ಇಡೀ ಚೀಟಿ ದನಗಳ ಮೇಲೆ ಬರೆದದ್ದು. ಹಂದಿ ಅನ್ನುವ ಪದ ಬಂದಿರುವುದು ಒಂದೇ ಕಡೆ, ಯಾವ ಪ್ರಾಣಿಗಳಿಗೆ ಬಳಸಬಹುದು ಅನ್ನುವ ಸಾಲಿನಲ್ಲಿ. ಬಾಟಲಿಯಲ್ಲಿರುವುದೂ ದನದ ಬ್ರುಸೆಲ್ಲಾ, ಅಂದರೆ ಬ್ರುಸೆಲ್ಲಾ ಅಬಾರ್ಟಸ್. ಅದು ತಪ್ಪಲ್ಲ. ಎರಡರ ಹೊರಮೈಯೂ ಒಂದೇ ತರಹದ್ದು, ಆದ್ದರಿಂದ ಹಂದಿಯ ಪ್ರತಿಕಾಯ ದನದ ಬ್ಯಾಕ್ಟೀರಿಯಾವನ್ನೂ ಹಿಡಿಯುತ್ತದೆ. ತೊಂದರೆ ಏನೆಂದರೆ ಅದೇ ತರಹದ ಹೊರಮೈ ಇನ್ನೊಂದು ಬ್ಯಾಕ್ಟೀರಿಯಾಕ್ಕೂ ಇದೆ. ಯರ್ಸಿನಿಯಾ ಎಂಟೆರೊಕಾಲಿಟಿಕಾ, ಅದರಲ್ಲೂ ಓ 9 ಎಂಬ ಬಗೆ. ಇದು ಹಂದಿಗಳ ಕರುಳಲ್ಲಿ, ಗಂಟಲಲ್ಲಿ ಸದ್ದಿಲ್ಲದೆ ಇರುತ್ತದೆ, ಹಂದಿಗೆ ಸಾಮಾನ್ಯವಾಗಿ ಏನೂ ಮಾಡುವುದಿಲ್ಲ. ರೋಸ್ ಬೆಂಗಾಲ್ ಹನಿಯಲ್ಲಿ ಮಾತ್ರ ಕಂದು ರೋಗದ ವೇಷ ಹಾಕಿಕೊಂಡು ಬರುತ್ತದೆ. ಹಂದಿ ಸಾಕುವವರಿಗೆ ಮಾರುವ ಬಾಟಲಿಯ ಚೀಟಿಯಲ್ಲಿ ಈ ಹೆಸರು ಇರಲೇಬೇಕಿತ್ತು. ಇಲ್ಲ. ಒಂದು ಸ್ಟಾರ್ ಹೋದದ್ದು ಇದಕ್ಕೆ, ಇದನ್ನು ಬೇಜಾರಿನಿಂದಲೇ ಬರೆಯುತ್ತಿದ್ದೇನೆ, ಯಾಕೆಂದರೆ ಇದು ಗೊತ್ತಿಲ್ಲದೆ ಒಳ್ಳೆಯ ಹಂದಿಗಳನ್ನು ಕಳೆದುಕೊಂಡವರು ಎಷ್ಟೋ ಜನ ಇರಬೇಕು.

ನಾನೂ ಕಳೆದುಕೊಳ್ಳುತ್ತಿದ್ದೆ. ಹಳೆಯ ಹಿಂಡು ಹೋದ ಮೇಲೆ ಹೊಸದಾಗಿ 18 ಎಳೆಯ ಹೆಣ್ಣುಗಳನ್ನು ತಂದೆವು, ಈ ಸಲ ಹಿಂಡಿನ ಕಾಗದ ನೋಡಿ. ತಂದು ಬೇರೆ ಶೆಡ್‌ನಲ್ಲಿ ಇಟ್ಟು ಪರೀಕ್ಷೆ ಮಾಡಿದರೆ ಒಂದರ ಹನಿಯಲ್ಲಿ ನಾಲ್ಕನೇ ನಿಮಿಷಕ್ಕೆ ಸಣ್ಣ ಸಣ್ಣ ಕಾಳು. ನಿಯಮದ ಪ್ರಕಾರ ಎಷ್ಟೇ ಸಣ್ಣದಿರಲಿ, ಕಾಳು ಕಂಡರೆ ಪಾಸಿಟಿವ್. ನನಗೆ ಕೈಕಾಲು ತಣ್ಣಗಾಯಿತು. ತಿಳಿಯನ್ನು ಲ್ಯಾಬಿಗೆ ಕಳಿಸಿದೆವು, ಎಲೈಸಾ ಅನ್ನುವ ಲ್ಯಾಬಿನ ರಕ್ತಪರೀಕ್ಷೆಯಲ್ಲೂ ಸ್ವಲ್ಪ ಪಾಸಿಟಿವ್ ಬಂತು. ಎರಡು ಪರೀಕ್ಷೆ ಹೇಳಿದ ಮೇಲೆ ಇನ್ನೇನು ಅಂತ ಅದನ್ನು ಆ ದಿನವೇ ಕಳಿಸಿಬಿಡುವುದರಲ್ಲಿದ್ದೆ. ಡಾಕ್ಟ್ರು ತಡೆದರು. ಎಲೈಸಾ ಕೂಡ ಅದೇ ಹೊರಮೈಯ ವಿರುದ್ಧದ ಪ್ರತಿಕಾಯವನ್ನೇ ಹುಡುಕುತ್ತದೆ, ಆದ್ದರಿಂದ ಒಂದು ಮೋಸ ಹೋದರೆ ಇನ್ನೊಂದೂ ಹೋಗುತ್ತದೆ ಅಂದರು. ಉಳಿದ 17ರಲ್ಲಿ ಒಂದೂ ಇಲ್ಲ, ಬಂದ ಹಿಂಡಿನಲ್ಲಿ ಒಂದೂ ಕಂದು ಇಲ್ಲ, ಹಂದಿ ಎಳೆಯದು, ಕಾಳು ಸಣ್ಣದು. ಇವೆಲ್ಲ ಯರ್ಸಿನಿಯಾ ಕಡೆ ಕೈ ತೋರಿಸುತ್ತಿದ್ದವು. ಅದನ್ನು ಒಂಟಿಯಾಗಿ ಇಟ್ಟು ನಾಲ್ಕನೇ ವಾರಕ್ಕೆ ಒಂದು ಸಲ, ಎಂಟನೇ ವಾರಕ್ಕೆ ಇನ್ನೊಂದು ಸಲ ರಕ್ತ ನೋಡಿದೆವು. ಮೊದಲ ಸಲ ಕಾಳು ಇನ್ನೂ ತೆಳುವಾಗಿತ್ತು. ಎರಡನೇ ಸಲ ಹನಿ ನಯವಾಗಿತ್ತು. ಅಷ್ಟರಲ್ಲಿ ಉಳಿದ 17ಕ್ಕೂ ಇನ್ನೊಂದು ಸುತ್ತು ಮಾಡಿಸಿದ್ದೆವು, ಎಲ್ಲವೂ ನೆಗೆಟಿವ್. ಆ ಹೆಣ್ಣು ಈಗ ನಮ್ಮಲ್ಲೇ ಇದೆ, ಕಳೆದ ಸಲ 11 ಮರಿ ಹಾಕಿತು, 10 ಉಳಿದವು.

ಬೇರೆ ಪರೀಕ್ಷೆಗಳ ಜೊತೆ ಹೋಲಿಸಿ ಅಂತ ಕೇಳುವವರಿಗೆ ಎರಡು ಮಾತು. ಎಲೈಸಾಕ್ಕೆ ಲ್ಯಾಬ್ ಬೇಕು, ದೊಡ್ಡ ಹಿಂಡಿಗೆ ಒಳ್ಳೆಯದು. ಹಳೆಯ ಕಾಂಪ್ಲಿಮೆಂಟ್ ಫಿಕ್ಸೇಶನ್ ಅನ್ನುವ ರಕ್ತಪರೀಕ್ಷೆ ಹಂದಿಗೆ ಅಷ್ಟು ಹೊಂದುವುದಿಲ್ಲ, ಹಂದಿಯ ರಕ್ತವೇ ಅದರ ಲೆಕ್ಕ ಕೆಡಿಸುತ್ತದೆ. ಬ್ರುಸೆಲ್ಲಿನ್ ಚರ್ಮದ ಪರೀಕ್ಷೆ ಸಿಗುವ ಕಡೆ ಯರ್ಸಿನಿಯಾ ಗೊಂದಲ ಬಿಡಿಸಲು ಅದು ಚೆನ್ನಾಗಿದೆ, ಚುಚ್ಚಿ 48 ಗಂಟೆಗೆ ಊತ ನೋಡುತ್ತಾರೆ. ಕೊನೆಯ ಮಾತು ಕಲ್ಚರ್‌ನದು, ಕಂದಿನಿಂದಲೋ ಮಾಸಿನಿಂದಲೋ ಬ್ಯಾಕ್ಟೀರಿಯಾವನ್ನೇ ಬೆಳೆಸಿ ನೋಡುವುದು. ನಮ್ಮ 80 ದಿನದ ಕಂದನ್ನು ಡಾಕ್ಟ್ರು ಕಳಿಸಿದ್ದರು. ವಾರಗಳಾದ ಮೇಲೆ ಬ್ರುಸೆಲ್ಲಾ ಸೂಯಿಸ್ ಬೆಳೆದಿದೆ ಅಂತ ಬಂತು. ಅದನ್ನು ಬೆಳೆಸುವುದು ಬಿಗಿ ಸುರಕ್ಷತೆ ಇರುವ ಲ್ಯಾಬಿನಲ್ಲಿ ಮಾತ್ರ, ಕೆಲಸ ಮಾಡುವವರಿಗೇ ಅಂಟುವ ರೋಗ ಇದು.

ಈಗ ನಮ್ಮ ಹುಡುಗನ ವಿಷಯ. ಕಂದು ಎತ್ತಿದ ದಿನ ಅವನ ಬೆರಳಲ್ಲಿ ತಂತಿ ಗೀರಿದ ಗಾಯ ಇತ್ತು. ಮೂರು ವಾರಕ್ಕೆ ಸಂಜೆ ಜ್ವರ ಶುರುವಾಯಿತು. ಬೆಳಿಗ್ಗೆ ಇಳಿಯುತ್ತದೆ, ಸಂಜೆ ಏರುತ್ತದೆ, ರಾತ್ರಿ ಹಾಸಿಗೆ ಒದ್ದೆಯಾಗುವಷ್ಟು ಬೆವರು. "ಅಣ್ಣಾ, ಸೊಂಟ ಬಿದ್ದುಹೋದ ಹಾಗಿದೆ" ಅಂತಿದ್ದ. ಅವನನ್ನು ನೋಡಿದ ಕಡೆ ಮೊದಲು ಬರೀ ಜ್ವರದ ಮಾತ್ರೆ ಕೊಟ್ಟರು. ಅವರ ತಪ್ಪು ಅನ್ನುವುದಿಲ್ಲ, ಹಂದಿಗಳಲ್ಲಿ ಕಂದು ರೋಗ ಬಂದಿದೆ ಅಂತ ನಾವು ಹೇಳಿರಲಿಲ್ಲ. ಹೇಳಿದ ದಿನವೇ ರಕ್ತ ಪರೀಕ್ಷೆ ಆಯಿತು. ಡಾಕ್ಸಿಸೈಕ್ಲಿನ್, ಜೊತೆಗೆ ರಿಫಾಂಪಿಸಿನ್, ಆರು ವಾರ ಬಿಡದೆ. ಎರಡನೇ ವಾರಕ್ಕೆ ಜ್ವರ ನಿಂತಿತು, ಮಾತ್ರೆ ಸಾಕಲ್ವಾ ಅಂತ ಕೇಳಿದ. ಸಾಕಲ್ಲ. ನಡುವೆ ಬಿಟ್ಟರೆ ಈ ರೋಗ ಮರಳಿ ಬರುತ್ತದೆ. ಆರು ವಾರ ಮುಗಿಯುವವರೆಗೆ ನಾನೇ ದಿನಾ ಎದುರಿಗೆ ನಿಂತು ನುಂಗಿಸಿದೆ. ಈಗ ಚೆನ್ನಾಗಿದ್ದಾನೆ.

ಆದ್ದರಿಂದ ಈ ಬಾಟಲಿ ಕೊಳ್ಳುವವರು ಅದರ ಜೊತೆಗೇ ಕೈಗವಸು, ಮಾಸ್ಕ್, ಕನ್ನಡಕ ಕೊಳ್ಳಿ. ಬಾಟಲಿಯಲ್ಲಿರುವುದು ಸತ್ತ ಬ್ಯಾಕ್ಟೀರಿಯಾ, ಅದರಿಂದ ಭಯವಿಲ್ಲ. ಹಂದಿಯ ರಕ್ತ, ಕಂದು, ಮಾಸು, ವೀರ್ಯ, ಇವುಗಳಲ್ಲಿ ಜೀವಂತ ಇರುತ್ತದೆ, ಗಾಯದಿಂದಲೂ ಬರುತ್ತದೆ, ಕಣ್ಣಿಗೆ ಸಿಡಿದರೂ ಬರುತ್ತದೆ, ಉಸಿರಲ್ಲೂ ಬರುತ್ತದೆ. ಮನೆಯಲ್ಲಿ ಗರ್ಭಿಣಿಯರಿದ್ದರೆ ಆ ಕಡೆ ಬಿಡಲೇಬೇಡಿ. ಇನ್ನೊಂದು, ಪರೀಕ್ಷೆಯನ್ನು ಪಶುವೈದ್ಯರ ಜೊತೆಯಲ್ಲೇ ಮಾಡಿ. ಎಷ್ಟೋ ದೇಶಗಳಲ್ಲಿ ಇದು ಕಂಡರೆ ಸರ್ಕಾರಕ್ಕೆ ತಿಳಿಸಲೇಬೇಕಾದ ರೋಗ, ಮುಚ್ಚಿಟ್ಟು ಮಾರಿದರೆ ನಮ್ಮ ಗಂಡು ನಮಗೆ ಬಂದ ಹಾಗೆ ಇನ್ನೊಬ್ಬರಿಗೆ ಹೋಗುತ್ತದೆ.

ಔಷಧ ಕೊಟ್ಟು ಹಂದಿ ಉಳಿಸಿಕೊಳ್ಳಬಹುದಲ್ವಾ ಅಂತ ನನ್ನನ್ನು ಕೇಳದವರಿಲ್ಲ. ನಾನೂ ಡಾಕ್ಟ್ರನ್ನು ಅದನ್ನೇ ಮೂರು ಸಲ ಕೇಳಿದ್ದೆ. ಬ್ಯಾಕ್ಟೀರಿಯಾ ಜೀವಕೋಶದ ಒಳಗೆ ಹೋಗಿ ಕೂರುತ್ತದೆ. ಆಂಟಿಬಯೋಟಿಕ್ ನಿಲ್ಲಿಸಿದ ಮೇಲೆ ಮತ್ತೆ ಹೊರಗೆ ಬರುತ್ತದೆ. ಭರವಸೆ ಇಡಬಹುದಾದ ಲಸಿಕೆಯೂ ನಮಗೆ ಸಿಗಲಿಲ್ಲ. 28ನ್ನೂ ಕಳಿಸಿದೆವು, ನೆಗೆಟಿವ್ ಬಂದವನ್ನೂ. ಲಾರಿ ಹೋದ ಮೇಲೆ ಶೆಡ್‌ನಲ್ಲಿ ಆ ಸದ್ದಿಲ್ಲದ ಹೊತ್ತು ನನಗೆ ತಡೆಯಲು ಆಗಲಿಲ್ಲ, ಎರಡು ದಿನ ಆ ಕಡೆ ಹೋಗಲೇ ಇಲ್ಲ. ಆಮೇಲೆ ಸಗಣಿ, ಹಾಸಿದ ಹುಲ್ಲು ಎಲ್ಲ ತೆಗೆದು, ತೊಳೆದು, ಒಣಗಿಸಿ, ಆಮೇಲೆ ಸೋಂಕುನಾಶಕ ಹೊಡೆದೆವು. ಕೊಳೆ ಇರುವಾಗ ಹೊಡೆದರೆ ಅದು ಕೊಳೆಯಲ್ಲೇ ಸಾಯುತ್ತದೆ, ಬ್ಯಾಕ್ಟೀರಿಯಾಕ್ಕೆ ಮುಟ್ಟುವುದಿಲ್ಲ. ಮೂರು ತಿಂಗಳು ಖಾಲಿ ಬಿಟ್ಟೆವು, ಬಿಸಿಲು ಬೀಳಲು ಮೇಲಿನ ಶೀಟು ನಾಲ್ಕು ತೆಗೆದಿಟ್ಟೆವು. ಕಾಡುಹಂದಿ ಬರುವ ಕಡೆ ಸಾಕುವವರು ಬೇಲಿಯನ್ನೂ ನೋಡಿಕೊಳ್ಳಿ, ಅವುಗಳಲ್ಲೂ ಈ ರೋಗ ಇರುತ್ತದೆ, ಬೆದೆಗೆ ಬಂದ ಹೆಣ್ಣಿನ ವಾಸನೆಗೆ ಗಂಡು ಬೇಲಿ ಮುರಿದು ಬರುತ್ತದೆ.

ಬಾಟಲಿಯ ಬಗ್ಗೆ ಇನ್ನೊಂದು ಸಣ್ಣ ವಿಷಯ ಉಳಿಯಿತು. ನಾಲ್ಕು ನಿಮಿಷಕ್ಕೇ ಓದಿ. ಫೋನ್ ಬಂತು ಅಂತ ಹೋಗಿ ಹತ್ತು ನಿಮಿಷಕ್ಕೆ ಬಂದು ನೋಡಿದರೆ ಹನಿಯ ಅಂಚು ಒಣಗಿ ಕಾಳಿನ ಹಾಗೇ ಕಾಣುತ್ತದೆ. ಒಂದೇ ಸಲಕ್ಕೆ ಹತ್ತು ಹನಿಗಿಂತ ಜಾಸ್ತಿ ಹಾಕಬೇಡಿ, ಕೊನೆಯದನ್ನು ಕಲಸುವಷ್ಟರಲ್ಲಿ ಮೊದಲನೆಯದರ ಹೊತ್ತು ಮೀರಿರುತ್ತದೆ. ಬೆಳಕು ಮೇಲಿನಿಂದ ಬೀಳಲಿ. ಅನುಮಾನ ಬಂದರೆ ನೆಗೆಟಿವ್ ಹನಿ ಪಕ್ಕದಲ್ಲಿಟ್ಟು ಇನ್ನೊಬ್ಬರಿಗೆ ತೋರಿಸಿ, ಯಾವುದು ಯಾರದು ಅಂತ ಹೇಳದೆ.

ನನ್ನ ಫ್ರಿಜ್ಜಿನಲ್ಲಿ ಈಗ ಮೂರನೇ ಬಾಟಲಿ ಇದೆ. ಮುಂದಿನ ತಿಂಗಳು ಇನ್ನೊಂದು ಗಂಡು ತರಬೇಕು. ಮಾರುವವರು ಅದರ ನೆಗೆಟಿವ್ ಕಾಗದದ ಫೋಟೋ ಕಳಿಸಿದ್ದಾರೆ. ಹಿಂಡಿನ ಕಾಗದ ಕಳಿಸಿ ಅಂತ ಕೇಳಿದ್ದೇನೆ, ಅದು ಬರುವವರೆಗೆ ಮುಂಗಡ ಕೊಟ್ಟಿಲ್ಲ.